ಲಾರಿ ಬರುತ್ತೆ ಎಂದವಳು

ನಮ್ಮ ಬೆಟ್ಟದ ಮೇಲೆ ರಸ್ತೆಯಲ್ಲಿಟ್ಟ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಒಬ್ಬ ಸಲಿಕೆ ಹಿಡಿದು, ಬೆನ್ನು ಮುರಿಯುವಂತೆ ತೋಡಿ, ತನ್ನ ಕಾರು ನಿಲ್ಲುವಷ್ಟು ಜಾಗ ಮಾಡಿಕೊಂಡು, ಕೆಲಸಕ್ಕೆ ಹೊರಡುವಾಗ ಅಲ್ಲೊಂದು ಅಡುಗೆಮನೆ ಕುರ್ಚಿ ಇಟ್ಟು ಹೋದರೆ ಮುಗಿಯಿತು. ಸಂಜೆ ಅವನು ಬರುವವರೆಗೆ ಆ ಜಾಗ ಅವನದೇ. ಕುರ್ಚಿಗೆ ಮೂರೇ ಕಾಲಿರಲಿ, ಸೀಟು ಹರಿದು ಹತ್ತಿ ಹೊರಬಂದಿರಲಿ, ಅದರ ಮರ್ಯಾದೆಗೇನೂ ಕಮ್ಮಿಯಿಲ್ಲ. ಪೊಲೀಸರೂ ಅದರ ತಂಟೆಗೆ ಹೋಗುವುದಿಲ್ಲ, ಅವರ ಮನೆ ಮುಂದೆಯೂ ಒಂದು ಕುರ್ಚಿ ಇರುತ್ತದೆ. ಇದನ್ನು ಯಾವ ಶಾಸನಸಭೆಯೂ ಕೂತು ಬರೆದದ್ದಲ್ಲ. ಕೂತು ಬರೆದ ಕಾನೂನಿನ ಕಥೆ ಮುಂದೆ ಬರುತ್ತದೆ.

ಬರ್ನಡೀನ್ ಕೋಸ್ತುರಿಕ್ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಈ ಬೆಟ್ಟದ ಮೇಲೆಯೇ, ಸಂತ ವೆಂಡೆಲಿನ್ ಚರ್ಚಿನ ಗಂಟೆ ಕೇಳುವಷ್ಟು ದೂರದಲ್ಲಿ. ಪಶ್ಚಿಮ ಪೆನ್ಸಿಲ್ವೇನಿಯಾದ ಹ್ಯಾಡನ್ ಮಿಲ್ಸ್ ಎಂಬ ಈ ಊರಿಗೆ ಅವಳ ಅಜ್ಜ ಸ್ಲೊವಾಕ್ ಸೀಮೆಯಿಂದ ಕಲ್ಲಿದ್ದಲು ಅಗೆಯಲು ಬಂದವನು. ಅಪ್ಪನೂ ಅಗೆದ. ಅವಳ ಕಾಲಕ್ಕೆ ಗಣಿ ಮುಚ್ಚಿಹೋಗಿ, ಕೆಳಗೆ ಹೊಳೆ ದಂಡೆಯಲ್ಲಿ ಗಾಜಿನ ಕಾರ್ಖಾನೆ ಬಂದಿತ್ತು. ಕಿಟಕಿ ಗಾಜಲ್ಲ, ಟಿವಿಯ ಗಾಜು. ದೇಶಕ್ಕೆ ದೇಶವೇ ಊಟ ಮುಗಿಸಿ ಯಾವ ಗಾಜಿನ ಮುಂದೆ ಕೂರುತ್ತಿತ್ತೋ ಆ ಗಾಜು. ಗಂಡ ಎಮಿಲ್ ಮರಳಿಗೆ ಸೀಸದ ಪುಡಿ ಬೆರೆಸುವ ಕೋಣೆಯಲ್ಲಿದ್ದ. ಬರ್ನಡೀನ್ ಕೊನೆಯ ಮೇಜಿನಲ್ಲಿ ಕೂತು, ಒಂದೊಂದೇ ಗಾಜನ್ನು ದೀಪದ ಮುಂದೆ ತಿರುಗಿಸಿ, ಗುಳ್ಳೆ ಕಂಡರೆ ಪಕ್ಕಕ್ಕೆ ಸರಿಸುತ್ತಿದ್ದಳು. ಅವಳು ಸರಿ ಅಂದರೆ ಸರಿ. ಬೇಡ ಅಂದರೆ ಮೇಸ್ತ್ರಿ ಕೂಡ ಎರಡನೇ ಸಲ ಕೇಳುತ್ತಿರಲಿಲ್ಲ. ಆ ಅಭ್ಯಾಸ ಅವಳಿಗೆ ಮನೆಯಲ್ಲೂ ಚರ್ಚಿನಲ್ಲೂ ಉಳಿದುಬಿಟ್ಟಿತು. ತಾನು ಆಡಿದ ಮಾತನ್ನು ತಾನೇ ನುಂಗುವುದು ಅವಳಿಗೆ ಗೊತ್ತಿರಲಿಲ್ಲ.

ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿಗಳು ಬಂದವು, ಕಾರ್ಖಾನೆ ಬಾಗಿಲು ಹಾಕಿತು. ಎಮಿಲ್‌ನ ಕೈ ನಡುಗತೊಡಗಿ, ಕಾಫಿ ಲೋಟ ಎತ್ತಿದರೆ ಅರ್ಧ ಅಂಗಿಯ ಮೇಲೆಯೇ ಚೆಲ್ಲುತ್ತಿತ್ತು. ಅವನು ಸತ್ತಾಗ ಕಂಪನಿಯಿಂದ ಒಂದು ಹೂವೂ ಬರಲಿಲ್ಲ. ಬರಲು ಕಂಪನಿಯೇ ಇರಲಿಲ್ಲವಲ್ಲ. ಬರ್ನಡೀನ್ ಅತ್ತದ್ದನ್ನು ಯಾರೂ ನೋಡಲಿಲ್ಲ. ಮುಂದಿನ ಶುಕ್ರವಾರ ಅವಳು ಎಂದಿನಂತೆ ಚರ್ಚಿನ ಹಾಲ್‌ಗೆ ಬಂದು, ಏಪ್ರನ್ ಕಟ್ಟಿಕೊಂಡು, ಹಿಟ್ಟು ನಾದಲು ನಿಂತಳು.

ಆ ಹಾಲ್‌ನ ಅಡುಗೆಮನೆಯೇ ಸಂತ ವೆಂಡೆಲಿನ್ ಚರ್ಚಿನ ಉಸಿರು. ಶುಕ್ರವಾರ ಬಂತೆಂದರೆ ಊರಿನ ಹೆಂಗಸರು ಸೇರಿ ಆಲೂಗೆಡ್ಡೆ, ಚೀಸು ತುಂಬಿದ ಪಿರೋಗಿಗಳನ್ನು ಕಡುಬು ಮಡಿಚಿದ ಹಾಗೆ ಮಡಿಚಿ, ಕುದಿಸಿ, ಬೆಣ್ಣೆ ಈರುಳ್ಳಿಯಲ್ಲಿ ಹೊರಳಿಸಿ ಮಾರುತ್ತಿದ್ದರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಮುಟ್ಟುವಂತಿಲ್ಲವಲ್ಲ, ಆಗಂತೂ ಆಚೆ ದಂಡೆಯವರೂ ಬಂದು ಸಾಲು ನಿಲ್ಲುತ್ತಿದ್ದರು. ಚರ್ಚಿನ ಸೋರುವ ಮಾಡು, ಕೆಟ್ಟು ನಿಂತ ಬಾಯ್ಲರ್, ಎಲ್ಲಕ್ಕೂ ಆ ಪಿರೋಗಿಯೇ ಗತಿ. ಬಿಷಪ್ಪರ ಕಚೇರಿ ಜನ ಕಡಿಮೆಯಾದ ಚರ್ಚುಗಳನ್ನು ಒಂದೊಂದಾಗಿ ಮುಚ್ಚಿ ಪಕ್ಕದ ಊರಿನದಕ್ಕೆ ಸೇರಿಸುತ್ತಾ ಬಂದಿತ್ತು. ಫಾದರ್ ರೀಜಿಸ್ ಒಬ್ಬರೇ ಮೂರು ಊರಿನ ಚರ್ಚುಗಳ ಭಾನುವಾರದ ಬಲಿಪೂಜೆಗೆ ಓಡಾಡಿ ಸುಸ್ತಾಗಿದ್ದರು.

"ಅಡುಗೆಮನೆ ಓಡ್ತಿರೋವರೆಗೂ ನಮ್ಮ ಸುದ್ದಿಗೆ ಬರಲ್ಲ ಅವರು," ಅನ್ನುತ್ತಿದ್ದಳು ಬರ್ನಡೀನ್. "ಒಲೆ ಆರಿತೋ, ಮಾರನೇ ದಿನವೇ ಬೀಗ ತರ್ತಾರೆ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳ ಪಕ್ಕದಲ್ಲಿ ನಿಂತು ಪಿರೋಗಿ ಅಂಚು ಒತ್ತುತ್ತಿದ್ದವಳು ಥೆಕ್ಲಾ ಹ್ಲಾವಾಚ್. ಎದುರು ಮನೆಯವಳು, ಚಿಕ್ಕಂದಿನಲ್ಲಿ ಜೊತೆಯಲ್ಲೇ ಚರ್ಚಿನ ಮೊದಲ ಪರಮಪ್ರಸಾದ ತೆಗೆದುಕೊಂಡವಳು, ನೆನಪಿರುವಷ್ಟು ಕಾಲದಿಂದ ಗೆಳತಿ. ಥೆಕ್ಲಾಳ ಮನೆಯ ನಡುಕೋಣೆಯಲ್ಲಿ ಗಂಡ ಸಾಯುವ ಮುಂಚೆ ತಂದಿದ್ದ ಒಂದು ಟಿವಿ, ಮರದ ಪೆಟ್ಟಿಗೆಯದ್ದು, ಶವದ ಪೆಟ್ಟಿಗೆಯಷ್ಟೇ ಭಾರ. ಅದು ಕೆಟ್ಟು ಯಾವ ಕಾಲವಾಯಿತೋ. ಅದನ್ನು ಎತ್ತಿಸಲಾರದೆ ಅದರ ತಲೆಯ ಮೇಲೆಯೇ ಇನ್ನೊಂದು ಸಣ್ಣ ಟಿವಿ ಇಟ್ಟುಕೊಂಡಿದ್ದಳು.

"ಸತ್ತವನ ಎದೆ ಮೇಲೆ ಬದುಕಿರೋನನ್ನ ಕೂರಿಸಿದ್ದೀಯಲ್ಲೇ," ಎಂದು ಬರ್ನಡೀನ್ ರೇಗಿಸುತ್ತಿದ್ದಳು.

"ಏನ್ಮಾಡ್ಲಿ ಹೇಳು? ಕಸದೋನು ಮುಟ್ಟಲ್ಲ ಅಂತಾನೆ. ಕಾನೂನಂತೆ."

ಕಾನೂನೇ ಹೌದು. ರಾಜ್ಯದ ದೊಡ್ಡವರು ಕೂತು ಬಹಳ ಒಳ್ಳೆಯ ಮನಸ್ಸಿನಿಂದ ಬರೆದ ಕಾನೂನು. ಟಿವಿ, ಕಂಪ್ಯೂಟರುಗಳನ್ನು ಕಸಕ್ಕೆ ಹಾಕಬಾರದು, ಮಣ್ಣಿಗೆ ವಿಷ. ಸರಿ. ಅವನ್ನು ಮಾಡಿ ಮಾರಿದ ಕಂಪನಿಗಳೇ ವಾಪಸು ತೆಗೆದುಕೊಳ್ಳಬೇಕು. ಅದೂ ಸರಿ. ಮನೆಯವರ ಹತ್ತಿರ ಕಾಸು ಕೇಳಬಾರದು. ಕಿವಿಗೆ ಎಷ್ಟು ಚೆಂದ! ಆದರೆ ಕಂಪನಿಗಳು ವರ್ಷಕ್ಕೆ ಇಷ್ಟು ತೂಕ ಎಂದು ಲೆಕ್ಕ ಹಾಕಿ, ಆ ತೂಕ ಮುಟ್ಟಿದೊಡನೆ ಕೈ ಒರೆಸಿಕೊಂಡವು. ಕಾಸು ಕೇಳುವಂತಿಲ್ಲ, ಕಂಪನಿ ಕೊಡುವುದಿಲ್ಲ, ಸೀಸದ ಗಾಜನ್ನು ಕೊಳ್ಳುವವನಿಲ್ಲ. ಹಳೇ ಟಿವಿ ತೆಗೆದುಕೊಳ್ಳುತ್ತಿದ್ದ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು. ಊರಲ್ಲಿ ಒಬ್ಬೊಬ್ಬರ ಜಗಲಿಯ ಮೇಲೂ ಒಂದು ಟಿವಿ ಕೂತು ರಸ್ತೆ ನೋಡುತ್ತಿತ್ತು. ನಾಚಿಕೆ ಬಿಟ್ಟವರು ಕತ್ತಲಾದ ಮೇಲೆ ಹೊಳೆ ಕೊರಕಲಿಗೆ ಉರುಳಿಸಿ ಬಂದರು. ನಮ್ಮೂರಲ್ಲೇ ಎರಕ ಹೊಯ್ದು ಹುಲ್ಲು ಸುತ್ತಿ ಕಳಿಸಿದ ಗಾಜು ನಮ್ಮ ಹೊಳೆಗೇ ಬಂದು ಬಿತ್ತು.

ಬರ್ನಡೀನ್‌ಗೆ ಅದು ಸಹಿಸಲಾಗಲಿಲ್ಲ. ಎಮಿಲ್ ಮೀನು ಹಿಡಿಯಲು ಕೂರುತ್ತಿದ್ದ ಬಂಡೆಯ ಕೆಳಗೆ ಒಂದು ದಿನ ಆರೇಳು ಟಿವಿ ಬೋರಲು ಬಿದ್ದದ್ದು ಕಂಡು, ಅಲ್ಲಿಂದಲೇ ನೆಟ್ಟಗೆ ಫಾದರ್ ರೀಜಿಸ್‌ರ ಬಾಗಿಲಿಗೆ ಹೋದಳು.

"ಫಾದರ್, ನಮ್ಮ ಚರ್ಚಿನ ಅಂಗಳದಲ್ಲಿ ಒಂದು ಶನಿವಾರ ಹಳೇ ಟಿವಿ ತಗೊಳ್ಳೋ ಏರ್ಪಾಡು ಮಾಡೋಣ. ಅವನ್ನ ಸಾಗಿಸೋ ಒಂದು ಕಂಪನಿ ಹತ್ರ ಮಾತಾಡಿದ್ದೀನಿ. ಲಾರಿ ಕಳಿಸ್ತಾರಂತೆ, ಪುಕ್ಕಟೆ."

"ಇದು ನಮ್ಮ ಕೆಲಸವೇನಮ್ಮಾ?"

"ಹೊಳೆಗೆ ಎಸೀತಿರೋರು ನಿಮ್ಮ ಜನವೇ ಫಾದರ್. ಭಾನುವಾರ ಮುಂದಿನ ಬೆಂಚಲ್ಲಿ ಕೂತಿರ್ತಾರೆ."

ಫಾದರ್ ನಕ್ಕು ಒಪ್ಪಿದರು. ಅವರಿಗೆ ಬರ್ನಡೀನ್‌ಳ ಜೊತೆ ವಾದಿಸುವ ತ್ರಾಣವಿರಲಿಲ್ಲ.

ಅಕ್ಟೋಬರ್‌ನ ಆ ಶನಿವಾರ ಬೆಳಕು ಹರಿಯುವಷ್ಟರಲ್ಲಿ ಕಾರುಗಳು ಚರ್ಚಿನ ಗೇಟಿನಿಂದ ಶುರುವಾಗಿ, ಬೆಟ್ಟ ಇಳಿದು, ಸೇತುವೆಯವರೆಗೆ ನಿಂತಿದ್ದವು. ಹೆಂಗಸರು ಪಿರೋಗಿ ತಟ್ಟೆಗಳನ್ನು ಕಾರಿನ ಕಿಟಕಿಗೇ ಒಯ್ದು ಕೊಟ್ಟರು. ಹಬ್ಬದ ಕಳೆ ಬಂದಿತ್ತು. ಬರ್ನಡೀನ್ ಗೇಟಿನ ಬಳಿ ನಿಂತು ಕೈ ಬೀಸುತ್ತಾ, "ನೀನು ಮುಂದೆ ಹೋಗು, ಏ ನೀನಲ್ಲ, ಆ ನೀಲಿ ಕಾರು!" ಎಂದು ದಾರಿ ಬಿಡಿಸುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಅವಳನ್ನು ಅಷ್ಟು ಖುಷಿಯಾಗಿ ಯಾರೂ ಕಂಡಿರಲಿಲ್ಲ.

ಊಟದ ಹೊತ್ತಿಗಿಂತ ಬಹಳ ಮುಂಚೆಯೇ ಲಾರಿ ತುಂಬಿತು. ಡ್ರೈವರ್, ಡ್ವೇನ್ ಎಂಬ ಒಣಕಲು ಮನುಷ್ಯ, ಹಿಂದಿನ ಬಾಗಿಲು ಎಳೆದು ಕೊಂಡಿ ಹಾಕಿದ.

"ಏನಪ್ಪಾ, ಕೊಂಡಿ ಹಾಕ್ಬಿಟ್ಟೆ? ಇನ್ನೂ ಸೇತುವೆವರೆಗೂ ಜನ ಇದ್ದಾರೆ."

"ಇದ್ದದ್ದು ಒಂದೇ ಲಾರಿ ಅಮ್ಮಾ. ತುಂಬಿತು."

"ಇನ್ನೊಂದು ಕರೆಸು."

ಅವನು ಫೋನ್ ಹಿಡಿದು ಆಚೆ ಹೋಗಿ ಬಂದ. "ಮುಂದಿನ ಶನಿವಾರ ಕಳಿಸ್ತಾರಂತೆ."

ಸುದ್ದಿ ಬೆಟ್ಟ ಇಳಿಯಿತು, ಬೈಗುಳ ಬೆಟ್ಟ ಹತ್ತಿತು. ಸ್ಲೊವಾಕ್ ಕ್ಲಬ್ಬಿನಲ್ಲಿ ಬಿಯರ್ ಸುರಿಯುವ ಸ್ಟುಶ್ ಗಾಯ್ದೋಷ್ ಕಾರಿನಿಂದ ಇಳಿದು, ಊರಿಗೆಲ್ಲ ಕೇಳುವಂತೆ ಕೂಗಿದ.

"ಏನ್ ತೇತಾ ಬರ್ನಡೀನ್, ಬೆಳಗಾಗೋಕ್ಮುಂಚೆ ಎದ್ದು ಬಂದಿದ್ದೀವಿ! ಇದನ್ನ ಕಾರಿಗೆ ಹತ್ತಿಸೋಕೇ ನಾಲ್ಕು ಜನ ಬೇಕಾಯ್ತು. ಮತ್ತೆ ಇಳಿಸಿ, ಮತ್ತೆ ಹತ್ತಿಸು ಅಂತೀರಾ? ನನ್ನ ಸೊಂಟ ಏನು ಸರ್ಕಾರದ್ದಾ?"

ತೇತಾ ಎಂದರೆ ನಮ್ಮಲ್ಲಿ ಚಿಕ್ಕಮ್ಮ, ಅತ್ತೆ ಎಲ್ಲವೂ. ಬರ್ನಡೀನ್ ಊರಿನ ಅರ್ಧ ಜನಕ್ಕೆ ತೇತಾ. ಜನ ಹಾರ್ನ್ ಬಾರಿಸತೊಡಗಿದರು. ಹಿಂದಿನಿಂದ ಯಾರೋ, "ನಡೀರಿ, ಹೊಳೆಗೇ ಹಾಕೋಣ, ದಾರೀಲೇ ಇದೆ!" ಎಂದರು. ಆ ಮಾತು ಅವಳ ಕಿವಿಗೆ ಬಿತ್ತು. ಅದೊಂದು ಬೀಳದಿದ್ದರೆ ಅವಳು ಮಾಡಿದ್ದನ್ನು ಮಾಡುತ್ತಿರಲಿಲ್ಲವೋ ಏನೋ.

ಹಾಲ್ ಒಳಗೆ ಹೋಗಿ ಮಡಚುವ ಒಂದು ಕುರ್ಚಿ ತಂದು, ಅಂಗಳದ ನಡುವೆ, ಲಾರಿ ನಿಂತಿದ್ದ ಜಾಗದ ಎದುರಿಗೆ ಇಟ್ಟಳು.

"ಯಾರೂ ವಾಪಸ್ ಹೊತ್ಕೊಂಡು ಹೋಗ್ಬೇಡಿ. ಟಿವಿ ಇಲ್ಲೇ ಇಳಿಸಿ. ಮೇಲೆ ಟೇಪ್ ಅಂಟಿಸಿ ನಿಮ್ಮನಿಮ್ಮ ಹೆಸರು ಬರೀರಿ. ನಿಮ್ಮ ಜಾಗ ನಾನು ಹಿಡಿದಿದ್ದೀನಿ. ಶನಿವಾರ ಲಾರಿ ಬರತ್ತೆ."

ಬೇರೆ ಊರಲ್ಲಾಗಿದ್ದರೆ ಜನ ಚೀಟಿ ಕೇಳುತ್ತಿದ್ದರು, ರಸೀದಿ ಕೇಳುತ್ತಿದ್ದರು. ನಮ್ಮ ಬೆಟ್ಟದಲ್ಲಿ ಕುರ್ಚಿ ಇಟ್ಟ ಮೇಲೆ ಇನ್ನು ಮಾತಿಲ್ಲ. ಸ್ಟುಶ್ ಕೂಡ ಬಾಯಿ ಮುಚ್ಚಿಕೊಂಡು ತನ್ನ ಟಿವಿ ಇಳಿಸಿದ. ಆ ಕುರ್ಚಿಯ ಹಿಂದೆ ಒಂದರ ಹಿಂದೆ ಒಂದರಂತೆ, ಯಾರೂ ಯಾರ ಸರದಿಯನ್ನೂ ತಪ್ಪಿಸದೆ, ಟಿವಿಗಳು ಅಂಗಳ ತುಂಬಿ ಅಡುಗೆಮನೆಯ ಹಿಂಬಾಗಿಲವರೆಗೂ ಸಾಲಾಗಿ ಕೂತವು. ಥೆಕ್ಲಾಳ ಮರದ ಪೆಟ್ಟಿಗೆಯನ್ನು ಅವಳ ಅಕ್ಕನ ಮಗ ಎರಡು ಗಾಲಿಯ ಕೈಗಾಡಿಯ ಮೇಲೆ ತಂದಿಳಿಸಿದ. ಹಗುರ ಮಾಡಿಕೊಂಡು ಎಲ್ಲರೂ ಮನೆಗೆ ಹೋದರು.

ಶನಿವಾರ ಲಾರಿ ಬರಲಿಲ್ಲ.

ಬರ್ನಡೀನ್ ಫೋನ್ ಮಾಡಿದಳು. ಮುಂದಿನ ವಾರ ಎಂದರು. ಮುಂದಿನ ವಾರ ಫೋನ್ ಎತ್ತಿದ ಹುಡುಗಿ ಹೊಸಬಳು, ಅವಳಿಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ಸಂಗೀತ ಮಾತ್ರ ಬರತೊಡಗಿತು. ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದರು, "ಲಾರಿ ಯಾವಾಗ ತೇತಾ?" ಅವಳು ನಿಂತು, ಗದ್ದ ಎತ್ತಿ, "ಬರತ್ತೆ," ಅನ್ನುತ್ತಿದ್ದಳು. ನವೆಂಬರ್ ಮಳೆಗೆ ಮರದ ಪೆಟ್ಟಿಗೆಗಳು ಉಬ್ಬಿದವು. ಡಿಸೆಂಬರ್‌ನಲ್ಲಿ ಹಿಮ ಬಿತ್ತು. ಹಿಮ ತೋಡುವ ಗಾಡಿಯವನು ಅಂಗಳಕ್ಕೆ ಬಂದವನು, ಮುಂದೆ ಕುರ್ಚಿ ಕಂಡು, ಗೌರವದಿಂದ ಅದನ್ನು ಸುತ್ತಿ ವಾಪಸು ಹೋದ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಬಂದವರು ಕಾರು ನಿಲ್ಲಿಸಲು ಜಾಗವಿಲ್ಲದೆ ಗೊಣಗಿದರು. ಆದರೆ ಒಬ್ಬನೂ ತನ್ನ ಹೆಸರಿನ ಟಿವಿಯ ಕಡೆ ತಿರುಗಿ ನೋಡಲಿಲ್ಲ. ಜಾಗ ಹಿಡಿದಿದೆಯಲ್ಲ, ಇನ್ನೇನು?

ಒಂದು ದಿನ ಅವಳೇ ಒಂದು ಟಿವಿಯನ್ನು ತನ್ನ ಕಾರಿಗೆ ಹೇಗೋ ಏರಿಸಿ, ಪಕ್ಕದ ಜಿಲ್ಲೆಯ ಸಂಗ್ರಹ ಕೇಂದ್ರಕ್ಕೆ ಓಡಿಸಿಕೊಂಡು ಹೋದಳು. ಕಿಟಕಿಯವನು ಅವಳ ಗುರುತಿನ ಚೀಟಿ ನೋಡಿ, "ನಮ್ಮ ಜಿಲ್ಲೆಯವರಿಗೆ ಮಾತ್ರ ಅಮ್ಮಾ," ಎಂದ. ಅವಳು ಅದನ್ನು ಹಾಗೆಯೇ ವಾಪಸು ತಂದು, ಅದರ ಸರದಿಯ ಜಾಗದಲ್ಲೇ ಇಟ್ಟಳು.

ಜನವರಿಯಲ್ಲಿ ರಾಜ್ಯದ ಕಡೆಯಿಂದ ಪ್ರೆಂಟಿಸ್ ಎಂಬ ಅಧಿಕಾರಿ ಬಂದ. ಸಭ್ಯ ಮನುಷ್ಯ, ಬೂಟಿನ ಹಿಮ ಒದರಿಯೇ ಹಾಲ್ ಒಳಗೆ ಕಾಲಿಟ್ಟ. ಹಿಮ, ಮಂಜುಗಡ್ಡೆಗೆ ಸಿಕ್ಕಿ ಹಲವು ಟಿವಿಗಳ ಗಾಜು ಒಡೆದು, ಅಡುಗೆಮನೆಯ ಬಾಗಿಲವರೆಗೂ ಚೂರು ಹರಡಿತ್ತು. ಅವನು ಬಗ್ಗಿ ಒಂದು ಚೂರನ್ನು ಕೈಗವಸಿನಲ್ಲೇ ಎತ್ತಿ ತೋರಿಸಿದ.

"ಇದರಲ್ಲಿ ಸೀಸ ಇದೆ ಅಮ್ಮಾ. ವಿಷ ಇದು."

"ನನಗೆ ಹೇಳ್ಕೊಡ್ತೀರಾ? ಅದನ್ನ ಕಲಸಿದೋನು ನನ್ನ ಗಂಡ. ಕಲಸೀ ಕಲಸೀನೇ ಸತ್ತ."

ಪ್ರೆಂಟಿಸ್ ಚೂರನ್ನು ಜೋಪಾನವಾಗಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅಡುಗೆಮನೆ ಪಕ್ಕ ಇಡಿಸಿದ್ರಿ," ಎಂದ.

ಜನ್ಮದಲ್ಲಿ ಅವಳಿಗೆ ಹಾಗೆ ಹೇಳಿದವರಿಲ್ಲ. ಅವನು ಹೇಳಿದ್ದು ನಿಜವಾಗಿತ್ತು, ಅದೇ ಸಂಕಟ.

"ಕಂಪನಿಯೋರು ಬರ್ತೀವಿ ಅಂದಿದ್ರು," ಎಂದಳು.

"ಅವರು ಬರ್ಲೇಬೇಕು ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲಮ್ಮಾ. ಸಾಮಾನು ಯಾರ ಅಂಗಳದಲ್ಲಿದೆಯೋ ಅವರದೇ ಹೊಣೆ. ವಿಭೂತಿ ಬುಧವಾರದೊಳಗೆ ತೆಗೆಸಿ. ಇಲ್ದಿದ್ರೆ ಈ ಅಡುಗೆಮನೇಲಿ ಅಡುಗೆ ಮಾಡಿ ಮಾರೋ ಹಾಗಿಲ್ಲ."

ವಿಭೂತಿ ಬುಧವಾರ ಎಂದರೆ ತಪಸ್ಸುಕಾಲದ ಮೊದಲ ದಿನ. ಪಿರೋಗಿಗೆ ಜನ ಮುಗಿಬೀಳುವ ಕಾಲ. ಅದು ಕೈಬಿಟ್ಟರೆ ಅಡುಗೆಮನೆ ಹೋಯಿತು, ಅಡುಗೆಮನೆ ಹೋದರೆ ಚರ್ಚು ಹೋಯಿತು. ಬರ್ನಡೀನ್ ಹಿಮದಲ್ಲಿ ಓಡಾಡಿ, ಟೇಪಿನ ಮೇಲಿನ ಹೆಸರು ಓದಿಕೊಂಡು, ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಜೀವಮಾನದಲ್ಲಿ ಯಾರನ್ನೂ ಬೇಡದವಳು ಬೇಡಿದಳು.

"ಸ್ವಲ್ಪ ದಿನಕ್ಕೆ ನಿಮ್ಮ ಟಿವಿ ವಾಪಸ್ ತಗೊಂಡ್ಹೋಗಿ. ಅಡುಗೆಮನೆ ಉಳಿಯತ್ತೆ."

ಒಬ್ಬಳಿಗೆ ಮಂಡಿ ನೋವು. ಒಬ್ಬನ ಜಗಲಿಯಲ್ಲಿ ಈಗ ಸೌದೆ ಇದೆ. ಒಬ್ಬ ಆ ಟಿವಿ ತನ್ನದೇ ಅಲ್ಲ ಎಂದ, ಟೇಪಿನ ಮೇಲೆ ಅವನದೇ ದಪ್ಪ ಅಕ್ಷರವಿತ್ತು. ಸ್ಟುಶ್ ಗಾಯ್ದೋಷ್ ಮಾತ್ರ ನೇರವಾಗಿ ಹೇಳಿದ.

"ಜಾಗ ಹಿಡಿದಿದ್ದೀನಿ ಅಂದಿದ್ದು ನೀವು ತೇತಾ. ಕುರ್ಚಿ ಇಟ್ಟಿದ್ದು ನೀವು. ಈಗ ಜಾಗ ಬಿಡು ಅಂದ್ರೆ ಹೇಗೆ? ನಮ್ಮೂರಲ್ಲಿ ಹಂಗೆ ನಡ್ಯತ್ತಾ?"

"ಚರ್ಚು ಮುಚ್ಚತ್ತೆ ಕಣೋ! ನಿನ್ನ ಮಕ್ಕಳಿಗೆ ನಾಮಕರಣ ಆದ ಚರ್ಚು!"

"ಲಾರಿ ಬರತ್ತೆ ಅಂತ ನೀವೇ ಹೇಳಿದ್ರಲ್ಲ."

ಪಿರೋಗಿ ತಿನ್ನುವಾಗ ಮೂರು ತಟ್ಟೆ ಖಾಲಿ ಮಾಡಿ ಬೆರಳು ನೆಕ್ಕುತ್ತಿದ್ದ ಗಂಡಸು ಇವನು. ಇಂಥವರಿಗೆ ಏನು ಹೇಳುವುದು?

ವಾಪಸು ತೆಗೆದುಕೊಂಡು ಹೋದವಳು ಒಬ್ಬಳೇ, ಥೆಕ್ಲಾ. ಅಕ್ಕನ ಮಗನನ್ನು ಹಿಡಿದು ತಂದು, ಮಂಜುಗಡ್ಡೆಯಲ್ಲಿ ಹೂತಿದ್ದ ಪೆಟ್ಟಿಗೆಯನ್ನು ಬಿಸಿನೀರು ಸುರಿದು ಬಿಡಿಸಿಕೊಂಡು, ಮತ್ತೆ ನಡುಕೋಣೆಯಲ್ಲಿ ಇಡಿಸಿ, ಅದರ ತಲೆ ಮೇಲೆ ಸಣ್ಣ ಟಿವಿ ಕೂರಿಸಿದಳು.

"ನೀನೊಬ್ಬಳಾದ್ರೂ ಇದ್ದೀಯಲ್ಲೇ," ಎಂದಳು ಬರ್ನಡೀನ್.

"ನಂದೇನು ಬಿಡೇ, ಸ್ವಲ್ಪ ದಿನ ತಾನೆ? ಲಾರಿ ಬಂದಾಗ ನನ್ನನ್ನ ಮೊದಲು ಕರಿ."

ಒಂದು ಟಿವಿ ಕಡಿಮೆಯಾದರೆ ಅಂಗಳ ಖಾಲಿಯಾಗುತ್ತದೆಯೇ? ವಿಭೂತಿ ಬುಧವಾರ ಬಂತು. ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಬಂದವರು ಅಡುಗೆಮನೆಯ ಬಾಗಿಲಿಗೆ ಕಾಗದ ಅಂಟಿಸಿದ್ದನ್ನು ಓದಿದರು. ಆ ತಪಸ್ಸುಕಾಲದ ಒಂದು ಶುಕ್ರವಾರವೂ ಸಂತ ವೆಂಡೆಲಿನ್‌ನಲ್ಲಿ ಈರುಳ್ಳಿ ಹುರಿದ ವಾಸನೆ ಏಳಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬಂದು ತಮ್ಮ ಏಪ್ರನ್, ತಮ್ಮ ಲಟ್ಟಣಿಗೆ ಹುಡುಕಿಕೊಂಡು ಹೋದರು. ಬರ್ನಡೀನ್‌ಳ ಜೊತೆ ಯಾರೂ ಜಗಳವಾಡಲಿಲ್ಲ. ಆಡಿದ್ದರೆ ಅವಳಿಗೆ ಹಿಡಿಸುತ್ತಿತ್ತು. ಅವಳು ಬಂದರೆ ಮಾತು ನಿಲ್ಲಿಸಿ ಕಿಟಕಿ ಕಡೆ ನೋಡುತ್ತಿದ್ದರು.

ಈಸ್ಟರ್ ಕಳೆದ ಭಾನುವಾರ ಫಾದರ್ ರೀಜಿಸ್ ಬಿಷಪ್ಪರ ಪತ್ರ ಓದಿದರು. ಚರ್ಚು ಹೊಳೆಯಾಚೆಯದರೊಂದಿಗೆ ಸೇರುತ್ತದೆ, ಕಟ್ಟಡ ಮುಚ್ಚುತ್ತದೆ. ಕಾರಣಗಳಲ್ಲಿ ಅಂಗಳದ ಸ್ಥಿತಿಯೂ ಒಂದು. ಪೂಜೆ ಮುಗಿದ ಮೇಲೆ ಅವರು ಬರ್ನಡೀನ್ ಕೂತಿದ್ದ ಬೆಂಚಿಗೇ ಬಂದು ಪಕ್ಕದಲ್ಲಿ ಕೂತರು.

"ಟಿವಿ ಬರೀ ನೆಪ ಕಣಮ್ಮಾ. ಮುಚ್ಚೋ ಯೋಚನೆ ಅವರಿಗೆ ಮುಂಚೇನೇ ಇತ್ತು."

"ನೆಪ ಕೈಗಿಟ್ಟೋಳು ನಾನೇ ತಾನೆ ಫಾದರ್?"

ಫಾದರ್ ಇಲ್ಲವೆನ್ನಲಿಲ್ಲ. ಸುಳ್ಳು ಹೇಳಬಾರದ ವೃತ್ತಿ ಅವರದು.

ಬೀಗ ಹಾಕಿದ ವಾರವೇ ಲಾರಿ ಬಂತು!

ಬಂದದ್ದು ಅದೇ ಕಂಪನಿಯ ಲಾರಿ, ಇಳಿದದ್ದು ಅದೇ ಡ್ವೇನ್. ಒಂದಲ್ಲ, ಹಿಂದೆ ಇನ್ನೂ ಎರಡು. ಮನೆಯವರ ಹತ್ತಿರ ಕಾಸು ಕೇಳಬಾರದು ನಿಜ, ಆದರೆ ಬಿಷಪ್ಪರ ಕಚೇರಿ ಮನೆಯಲ್ಲವಲ್ಲ. ಕಚೇರಿಯವರು ಅಡುಗೆಮನೆಯ ಖಾತೆಯಲ್ಲಿದ್ದ ಪಿರೋಗಿ ದುಡ್ಡು ಬಳಿದು ಕಂಪನಿಗೆ ಕೊಟ್ಟಿದ್ದರು. ಒಂದು ಬೆಳಗಿನಲ್ಲಿ ಅಂಗಳ ಗುಡಿಸಿ ಹಾಕಿದಂತಾಯಿತು. ಆ ಕುರ್ಚಿಯನ್ನೂ ಟಿವಿಗಳ ಜೊತೆ ಒಳಗೆ ಎಸೆದರು. ಹೊರಗಿನವರು, ಅವರಿಗೇನು ಗೊತ್ತು.

ಬರ್ನಡೀನ್ ರಸ್ತೆಯಾಚೆ ಕೋಟಿನ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದಳು. ಡ್ವೇನ್ ಅವಳನ್ನು ಗುರುತು ಹಿಡಿದು, ಟೋಪಿ ಸರಿಮಾಡಿಕೊಳ್ಳುತ್ತಾ ಹತ್ತಿರ ಬಂದ.

"ತಪ್ಪು ತಿಳ್ಕೋಬೇಡಿ ಅಮ್ಮಾ. ಟಿವಿ ಮಾಡೋರು ನಮಗೆ ದುಡ್ಡು ಕೊಡೋ ವರ್ಷದ ತೂಕ ಆಗ ಮುಗಿದುಹೋಗಿತ್ತು. ಆವತ್ತು ನಿಮ್ಮಿಂದ ತುಂಬ್ಕೊಂಡು ಹೋದದ್ದೇ ಕೊನೇ ಲೋಡು."

"ಆವತ್ತೇ ಗೊತ್ತಿತ್ತಾ ನಿನಗೆ?"

ಅವನು ನೆಲ ನೋಡಿದ. "ಆಫೀಸಿನೋರು ಶನಿವಾರ ಅಂತ ಹೇಳು ಅಂದ್ರು. ಇಲ್ದಿದ್ರೆ ನಿಮ್ಮ ಜನ ನನ್ನ ಲಾರಿ ಬಿಡ್ತಿದ್ರಾ?"

ಕ್ಲಬ್ಬಿನ ಮೆಟ್ಟಿಲ ಮೇಲಿಂದ ಸ್ಟುಶ್ ಕೂಗಿದ. "ಏನ್ ತೇತಾ! ಕೊನೆಗೂ ಬಂತಲ್ಲ ನಿಮ್ಮ ಲಾರಿ!" ಅಲ್ಲಿದ್ದವರು ನಕ್ಕರು. ಬರ್ನಡೀನ್ ತಿರುಗಿ ನೋಡಲಿಲ್ಲ.

ಆ ಸಂಜೆ ಅವಳು ತನ್ನ ಅಡುಗೆಮನೆಯಿಂದ ಎಮಿಲ್ ಕೂರುತ್ತಿದ್ದ ಕುರ್ಚಿಯನ್ನು ಎತ್ತಿಕೊಂಡು, ರಸ್ತೆ ದಾಟಿ, ಬೀಗ ಬಿದ್ದ ಚರ್ಚಿನ ದೊಡ್ಡ ಬಾಗಿಲ ಮುಂದೆ ಇಟ್ಟಳು. ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬೆಟ್ಟದವರೆಲ್ಲ ಹೋಗುತ್ತಾ ಬರುತ್ತಾ ನೋಡಿದರು. ಕಟ್ಟಡ ಕೊಳ್ಳಲು ಬಂದವನಿಗೆ, ಬಿಷಪ್ಪರ ವಕೀಲನಿಗೆ, ಅದು ಬರೀ ಕುರ್ಚಿ. ನಮಗೆ ಗೊತ್ತಿತ್ತು, ಇದು ನಮ್ಮ ಜಾಗ, ನಾವು ವಾಪಸು ಬರುತ್ತೇವೆ ಎಂದು ಅವಳು ಹೇಳುತ್ತಿದ್ದಾಳೆ. ಕೆಲವರು ಅದರ ಮುಂದೆ ಹೋಗುವಾಗ ಟೋಪಿ ತೆಗೆದರು. ಹೆಂಗಸರಲ್ಲಿ ಇಬ್ಬರು ಮತ್ತೆ ಅವಳಿಗೆ ಮುಖ ಕೊಟ್ಟು ಮಾತಾಡಿದರು. ಕುರ್ಚಿ ಮಳೆಯಲ್ಲಿ ನೆನೆಯಿತು, ಬಿಸಿಲಲ್ಲಿ ಒಣಗಿತು, ಯಾರೂ ಮುಟ್ಟಲಿಲ್ಲ. ಬರ್ನಡೀನ್ ದಿನಾ ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ಆ ಬೆಳಗುಗಳಲ್ಲಿ ಅವಳಿಗೆ ಕಾಫಿ ರುಚಿಸುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಕುರ್ಚಿಯ ಹಿಂದೆ ಒಂದು ಟಿವಿ ಕೂತಿತ್ತು. ಮರದ ಪೆಟ್ಟಿಗೆಯದ್ದು. ಅದರ ತಲೆಯ ಮೇಲೆ ಇನ್ನೊಂದು ಸಣ್ಣದು. ಎರಡಕ್ಕೂ ಟೇಪ್ ಅಂಟಿಸಿ, ಹ್ಲಾವಾಚ್ ಎಂದು ಬರೆದಿತ್ತು.

ಬರ್ನಡೀನ್ ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿದಳು. ಥೆಕ್ಲಾ ಚರ್ಚಿನ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಅಕ್ಕನ ಮಗ ಖಾಲಿ ಕೈಗಾಡಿ ತಳ್ಳಿಕೊಂಡು ಇಳಿಜಾರಿನಲ್ಲಿ ಹೋಗುತ್ತಿದ್ದ.

"ಏನೇ ಇದು?"

"ಮೇಲಿಂದೂ ಹೋಯ್ತು ಕಣೇ," ಎಂದಳು ಥೆಕ್ಲಾ. "ಮೊನ್ನೆ ರಾತ್ರಿ ಟಪ್ ಅಂತು, ಅಷ್ಟೇ. ಎರಡು ಹೆಣ ಇಟ್ಕೊಂಡು ಎಷ್ಟು ದಿನ ಕೂರ್ಲಿ?"

"ಇಲ್ಲಿಗ್ಯಾಕೆ ತಂದೆ?"

"ಯಾಕೆ ಅಂದ್ರೆ? ಕುರ್ಚಿ ಇಟ್ಟಿದ್ದೀಯಲ್ಲ. ಈ ಸಲನಾದ್ರೂ ನಾನೇ ಮೊದಲು ನಿಲ್ಲೋಣ ಅಂತ ಬೇಗ ಬಂದೆ."

"ಚರ್ಚು ಮುಚ್ಚಿದೆ ಥೆಕ್ಲಾ. ಬೀಗ ಕಾಣ್ಸಲ್ವಾ?"

"ಚರ್ಚು ಮುಚ್ಚಿದ್ರೇನು, ನೀನೇನು ಮುಚ್ಚಿದ್ದೀಯಾ? ಊರೋರು ಏನಾದ್ರೂ ಅಂದ್ಕೊಳ್ಲಿ, ನಾನು ಅವರಿಗೆಲ್ಲ ಹೇಳಿದ್ದೀನಿ. ಬರ್ನಡೀನ್ ಕುರ್ಚಿ ಇಟ್ಟಳು ಅಂದ್ರೆ ಲಾರಿ ಬರತ್ತೆ ಅಂತ."

ಅವಳ ಮುಖದಲ್ಲಿ ಕುಹಕವಿರಲಿಲ್ಲ. ಹುಡುಕಿದರೂ ಇರಲಿಲ್ಲ. ಬರ್ನಡೀನ್ ದೀಪದ ಮುಂದೆ ಗಾಜು ಹಿಡಿದಂತೆ ಆ ಮುಖವನ್ನು ನೋಡಿದಳು. ಬೆಟ್ಟದ ಕೆಳಗಿನಿಂದ ಇನ್ನೊಂದು ಕಾರು ಏರಿ ಬರುತ್ತಿತ್ತು, ಅದರ ಹಿಂದಿನ ಡಿಕ್ಕಿ ಮುಚ್ಚಲಾಗದೆ ಹಗ್ಗ ಬಿಗಿದಿದ್ದರು. ಒಳಗೆ ಏನಿದೆಯೆಂದು ಅವಳಿಗೆ ಗೊತ್ತಾಯಿತು.

"ಲಾರಿ ಬರಲ್ಲ," ಎಂದಳು.

"ಈ ವಾರ ಬರಲ್ವಾ?"

"ಬರಲ್ಲ ಥೆಕ್ಲಾ. ಯಾವತ್ತೂ ಬರಲ್ಲ. ಆವತ್ತೂ ಬರೋದಿರಲಿಲ್ಲ."

ಬರ್ನಡೀನ್ ಬಗ್ಗಿ, ಗಂಡನ ಕುರ್ಚಿಯನ್ನು ಎತ್ತಿ ಬಗಲಿಗೆ ಇರುಕಿಕೊಂಡಳು. ನಮ್ಮ ಬೆಟ್ಟದಲ್ಲಿ ಇಟ್ಟ ಕುರ್ಚಿಯನ್ನು ಇಟ್ಟವರೇ ತೆಗೆಯಬೇಕು, ಬೇರೆಯವರು ತೆಗೆಯುವಂತಿಲ್ಲ. ಏರಿ ಬಂದ ಕಾರಿಗೆ ದಾರಿ ಬಿಟ್ಟು, ರಸ್ತೆ ದಾಟಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.